ಹವಾಮಾನ ಬದಲಾವಣೆ: ಅಳೆದು ತೂಗಿ ಓದುವುದು, ಬರೆಯುವುದು ಹೇಗೆ?

‘ಹವಾಮಾನ ಬದಲಾವಣೆ’ ಅನ್ನಬೇಕೋ, ‘ಜಾಗತಿಕ ತಾಪಮಾನ ಏರಿಕೆ’ ಅನ್ನಬೇಕೋ? ‘ಹವಾಮಾನ ಬಿಕ್ಕಟ್ಟು’ ಅಂದರೆ ಅತಿಯಾಯಿತೇ? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಮೇಷ್ಟ್ರುಗಳಿದ್ದಾರೆ, ಪತ್ರಿಕೆಗೆ ಬರೆಯುವವರಿದ್ದಾರೆ, ಮಕ್ಕಳನ್ನು ಭಾಷಣ ಸ್ಪರ್ಧೆಗೆ ತಯಾರು ಮಾಡುವ ಪೋಷಕರೂ ಇದ್ದಾರೆ.

ಚಿಕ್ಕ ಉತ್ತರ: ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಹೆಸರಿನ ಜಗಳ ಮೂಗಿಗಿಂತ ಮೂಗುತಿ ಭಾರ ಅನ್ನುವಂತಾಗಿದೆ. ಈ ವಿಷಯದ ಚರ್ಚೆಯನ್ನು ಅತ್ತಿತ್ತ ಎಳೆಯುವುದು ಹೆಸರಿಗಿಂತ ಹೆಚ್ಚಾಗಿ ವಾಕ್ಯದ ಕ್ರಿಯಾಪದ, ಅದರ ಕರ್ತೃ, ಮತ್ತು ಸಂಖ್ಯೆಯ ಪಕ್ಕದಲ್ಲಿ ಬಿಟ್ಟುಹೋದ ಮಾತು. ಯಾರು, ಎಷ್ಟು, ಯಾವಾಗಿನಿಂದ, ಎಷ್ಟು ಖಚಿತವಾಗಿ: ಈ ನಾಲ್ಕನ್ನು ಒಂದು ವಾಕ್ಯ ಹೇಳುತ್ತಿದೆಯೇ, ಮುಚ್ಚಿಡುತ್ತಿದೆಯೇ ಎಂದು ನೋಡುವ ಕ್ರಮವನ್ನು ಕೆಳಗೆ ಕೊಟ್ಟಿದ್ದೇನೆ. ಬೇರೆಯವರು ಬರೆದದ್ದನ್ನು ಓದುವಾಗಲೂ ಇದು ಉಪಯೋಗಕ್ಕೆ ಬರುತ್ತದೆ, ನೀವೇ ಬರೆಯುವಾಗಲೂ.

ಮೊದಲು ಕೈಯಲ್ಲಿರಬೇಕಾದದ್ದು

ಪರೀಕ್ಷಿಸಲು ಒಂದು ಬರಹ: ಸುದ್ದಿ, ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶ, ಜಾಹೀರಾತು ಅಥವಾ ನಿಮ್ಮದೇ ಕರಡು. ಒಂದು ಪೆನ್ಸಿಲ್. ಒಂದು ಕ್ಯಾಲ್ಕುಲೇಟರ್. ಜೊತೆಗೆ ಐಪಿಸಿಸಿ ವರದಿಯ ಸಾರಾಂಶ.

ಐಪಿಸಿಸಿ ಅಂದರೆ 1988ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಸ್ಥಾಪಿಸಿದ ಅಂತರ್‌ಸರ್ಕಾರಿ ಸಮಿತಿ. ಅದು ಸ್ವತಃ ಸಂಶೋಧನೆ ಮಾಡುವುದಿಲ್ಲ. ಜಗತ್ತಿನಾದ್ಯಂತ ಪ್ರಕಟವಾದ ಸಂಶೋಧನೆಗಳನ್ನು ಓದಿ, ತೂಗಿ, ‘ಇಷ್ಟು ಗೊತ್ತಿದೆ, ಇಷ್ಟು ಖಚಿತವಾಗಿ ಗೊತ್ತಿದೆ’ ಎಂದು ಹೇಳುತ್ತದೆ. ಪೂರ್ತಿ ವರದಿ ಸಾವಿರಾರು ಪುಟ. ನಿಮಗೆ ಬೇಕಾದದ್ದು ನೀತಿ ನಿರೂಪಕರಿಗಾಗಿ ಬರೆದ ಸಾರಾಂಶ ಮಾತ್ರ. ಅದರ ಪ್ರತಿಯೊಂದು ಸಾಲನ್ನೂ ಸರ್ಕಾರಗಳ ಪ್ರತಿನಿಧಿಗಳು ಕೂತು ಒಪ್ಪಿರುತ್ತಾರೆ. ಹಾಗಾಗಿ ಅದರ ಭಾಷೆ ಸಪ್ಪೆ. ನಮ್ಮ ಕೆಲಸಕ್ಕೆ ಆ ಸಪ್ಪೆತನವೇ ಒಳ್ಳೆಯದು.

ಹಂತ 1: ಮಾತು ಯಾವುದರ ಬಗ್ಗೆ ಎಂದು ಬೇರ್ಪಡಿಸಿ

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಹೆಚ್ಚುವರಿ ತೊಡಕಿದೆ. ನಾಳೆ ಮಳೆ ಬರುತ್ತದೆಯೇ ಎಂದು ಹೇಳುವುದೂ ‘ಹವಾಮಾನ ವರದಿ’, ಶತಮಾನದ ಬದಲಾವಣೆಯೂ ‘ಹವಾಮಾನ ಬದಲಾವಣೆ’. ಪಠ್ಯಪುಸ್ತಕಗಳು ಎರಡನೆಯದಕ್ಕೆ ‘ವಾಯುಗುಣ’ ಎಂದು ಬಳಸುತ್ತವೆ. ಆಡುಮಾತಿಗೆ ಅದು ಇಳಿದಿಲ್ಲ. ಆದ್ದರಿಂದ ‘ಈ ಸಲ ಚಳಿ ಜಾಸ್ತಿ, ಎಲ್ಲಿದೆ ನಿಮ್ಮ ಹವಾಮಾನ ಬದಲಾವಣೆ?’ ಎಂಬ ಪ್ರಶ್ನೆ ನಮ್ಮಲ್ಲಿ ಬಹಳ ಸಹಜವಾಗಿ ಹುಟ್ಟುತ್ತದೆ.

ಪರಿಹಾರ ಸರಳ. ಅಲ್ಪಾವಧಿಯದಕ್ಕೆ ‘ಈ ವಾರದ ಹವೆ’, ‘ಈ ವರ್ಷದ ಮಳೆ’ ಎಂದು ಅವಧಿ ಸೇರಿಸಿ ಹೇಳಿ. ದೀರ್ಘಾವಧಿಯದಕ್ಕೆ ‘ಹವಾಮಾನ’ ಉಳಿಸಿಕೊಂಡು, ಮೊದಲ ಬಾರಿ ಬಂದಾಗ ‘ಕನಿಷ್ಠ ಮೂವತ್ತು ವರ್ಷಗಳ ಸರಾಸರಿ’ ಎಂದು ಬಿಡಿಸಿ. ವಿಶ್ವ ಹವಾಮಾನ ಸಂಸ್ಥೆ ‘ವಾಡಿಕೆ’ ಎಂದು ಲೆಕ್ಕ ಹಾಕುವುದು ಮೂವತ್ತು ವರ್ಷಗಳ ಅವಧಿಗೇ.

ಎಚ್ಚರಿಕೆ: ‘ಮಾಲಿನ್ಯ’ ಎಂಬ ಪದ ಕಂಡಲ್ಲೆಲ್ಲ ನಿಲ್ಲಿ. ಪ್ಲಾಸ್ಟಿಕ್ ಕಸ, ಓಜೋನ್ ಪದರದ ಸವಕಳಿ, ಹೊಗೆಯಿಂದ ಬರುವ ಕೆಮ್ಮು, ಭೂಮಿ ಬಿಸಿಯಾಗುವುದು, ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬುವ ಬರಹಗಳೇ ಹೆಚ್ಚು. ಇವುಗಳ ನಡುವೆ ನಂಟಿದೆ, ಆದರೆ ಕಾರಣಗಳು ಬೇರೆ, ಪರಿಹಾರಗಳೂ ಬೇರೆ. ಹೊಗೆಯ ಕೆಲವು ಸೂಕ್ಷ್ಮ ಕಣಗಳು ಬಿಸಿಲನ್ನು ಹಿಂದಕ್ಕೆ ಚೆದುರಿಸಿ ಭೂಮಿಯನ್ನು ಅಷ್ಟರಮಟ್ಟಿಗೆ ತಂಪಾಗಿಡುತ್ತವೆ ಕೂಡ. ‘ಮಾಲಿನ್ಯದಿಂದ ಭೂಮಿ ಬಿಸಿಯಾಗುತ್ತಿದೆ’ ಎಂಬ ವಾಕ್ಯ ಇಂಥ ಕಡೆ ಅಡ್ಡದಾರಿ ಹಿಡಿಸುತ್ತದೆ.

ಹಂತ 2: ಹೆಸರು ಆರಿಸಿ, ಮುಂದೆ ಹೋಗಿ

ಎರಡು ಹೆಸರುಗಳೂ ಹಳೆಯವು. ಅಮೆರಿಕದ ಭೂವಿಜ್ಞಾನಿ ವ್ಯಾಲೇಸ್ ಬ್ರೋಕರ್ 1975ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿ ಹವಾಮಾನದ ಬದಲಾವಣೆ, ಜಾಗತಿಕ ತಾಪಮಾನ ಏರಿಕೆ ಎರಡೂ ಇದ್ದವು. ತಾಪಮಾನ ಏರಿಕೆ ಎಂದರೆ ಭೂಮಿಯ ಸರಾಸರಿ ಉಷ್ಣತೆ ಹೆಚ್ಚುವುದು. ಹವಾಮಾನ ಬದಲಾವಣೆ ಎಂದರೆ ಅದರ ಜೊತೆಗೆ ಮಳೆಯ ಕ್ರಮ, ಸಮುದ್ರ ಮಟ್ಟ, ಹಿಮ, ಬರ, ಎಲ್ಲವೂ. ಹೇಳಬೇಕಾದದ್ದು ಯಾವುದೋ ಅದನ್ನು ಆರಿಸಿದರಾಯಿತು.

ಹೆಸರಿನಿಂದ ಪರಿಣಾಮವೇ ಇಲ್ಲವೆಂದು ಹೇಳುತ್ತಿಲ್ಲ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ‘ತಾಪಮಾನ ಏರಿಕೆ’ ನಿಜವೇ ಎಂದು ಕೇಳಿದಾಗ ರಿಪಬ್ಲಿಕನ್ ಪಕ್ಷದ ಒಲವಿನವರಲ್ಲಿ ಶೇ 44ರಷ್ಟು ಜನ ಹೌದೆಂದರು. ‘ಹವಾಮಾನ ಬದಲಾವಣೆ’ ಎಂದು ಪದ ಬದಲಿಸಿ ಕೇಳಿದಾಗ ಅದು ಶೇ 60ಕ್ಕೆ ಏರಿತು. ಡೆಮಾಕ್ರಟಿಕ್ ಒಲವಿನವರ ಉತ್ತರ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅಂದರೆ ಪಕ್ಷ ರಾಜಕಾರಣ ಒಂದು ಪದಕ್ಕೆ ಅಂಟಿಕೊಂಡ ಮೇಲೆ ಆ ಪದ ಭಾರವಾಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಿದವರು ರಾಜಕೀಯ ಸಲಹೆಗಾರ ಫ್ರಾಂಕ್ ಲುಂಟ್ಸ್. 2000ರ ದಶಕದ ಆರಂಭದಲ್ಲಿ ತಮ್ಮ ರಿಪಬ್ಲಿಕನ್ ಪಕ್ಷಕ್ಕೆ ಬರೆದ ಟಿಪ್ಪಣಿಯಲ್ಲಿ ಅವರು, ‘ಹವಾಮಾನ ಬದಲಾವಣೆ’ ಅಷ್ಟು ಹೆದರಿಸುವುದಿಲ್ಲ, ಅದನ್ನೇ ಬಳಸಿ ಎಂದಿದ್ದರು. 2019ರಲ್ಲಿ ಅದೇ ಲುಂಟ್ಸ್ ಸೆನೆಟರ್‌ಗಳ ಸಮಿತಿಯ ಮುಂದೆ, ಅಂದು ನನ್ನದು ತಪ್ಪಾಗಿತ್ತು ಎಂದರು.

ಇನ್ನೊಂದು ತುದಿಯಲ್ಲಿ, 2019ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ತನ್ನ ಬರಹಗಾರರಿಗೆ ‘ತುರ್ತು’, ‘ಬಿಕ್ಕಟ್ಟು’ ಎಂಬ ಪದಗಳಿಗೆ ಆದ್ಯತೆ ಕೊಡಲು ಹೇಳಿತು. ಪದ ಬಿಸಿ ಮಾಡಿದರೆ ಜನರ ಕಾಳಜಿಯೂ ಏರುತ್ತದೆಯೇ? 2024ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ ಹಾಗೇನೂ ಕಾಣಲಿಲ್ಲ. ಪರಿಚಿತವಾದ ಹಳೆಯ ಎರಡು ಪದಗಳೇ ‘ತುರ್ತು’, ‘ಬಿಕ್ಕಟ್ಟು’ಗಳಷ್ಟೋ ಅದಕ್ಕಿಂತ ಹೆಚ್ಚೋ ಕೆಲಸ ಮಾಡಿದವು. ನನ್ನ ಸಲಹೆ: ಓದುಗರಿಗೆ ಗೊತ್ತಿರುವ ಪದ ಬಳಸಿ, ಉಳಿದ ಶ್ರಮವನ್ನು ಮುಂದಿನ ಹಂತಕ್ಕೆ ಇಟ್ಟುಕೊಳ್ಳಿ.

ಎಚ್ಚರಿಕೆ: ‘ಬಿಸಿಯಾಗುವುದು ನಿಂತಿತು, ಅದಕ್ಕೇ ವಿಜ್ಞಾನಿಗಳು ಹೆಸರು ಬದಲಿಸಿದರು’ ಎಂಬ ಸಂದೇಶ ಆಗಾಗ ಸುತ್ತುತ್ತದೆ. 1988ರಲ್ಲಿ ಹುಟ್ಟಿದ ಐಪಿಸಿಸಿಯ ಹೆಸರಿನಲ್ಲೇ ‘ಹವಾಮಾನ ಬದಲಾವಣೆ’ ಇದೆ, 1992ರ ವಿಶ್ವಸಂಸ್ಥೆಯ ಒಡಂಬಡಿಕೆಯ ಹೆಸರಿನಲ್ಲೂ ಇದೆ. ಇಷ್ಟು ಹೇಳಿ ಮುಗಿಸಿ.

ಹಂತ 3: ಕ್ರಿಯಾಪದಕ್ಕೆ ಗೆರೆ ಎಳೆದು, ಕರ್ತೃವನ್ನು ಹುಡುಕಿ

ಇದಕ್ಕೆ ಹೆಚ್ಚು ಹೊತ್ತು ಕೊಡಿ. ಬರಹದಲ್ಲಿರುವ ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಅದು ‘ಆಗು’ ಕುಲದ್ದೋ ‘ಮಾಡು’ ಕುಲದ್ದೋ ನೋಡಿ.

‘ಭೂಮಿ ಬಿಸಿಯಾಗುತ್ತಿದೆ.’ ‘ಕಾಡು ನಾಶವಾಗಿದೆ.’ ‘ಹೊರಸೂಸುವಿಕೆ ಹೆಚ್ಚಿದೆ.’ ಮೂರೂ ವ್ಯಾಕರಣದ ಪ್ರಕಾರ ಸರಿ, ಮೂರೂ ನಿಜ. ಮೂರರಲ್ಲೂ ಮಾಡಿದವರಿಲ್ಲ. ಕನ್ನಡದಲ್ಲಿ ‘ಆಗು’ ಎಷ್ಟು ಸಲೀಸಾಗಿ ಬರುತ್ತದೆಂದರೆ ಯಾರನ್ನೂ ಹೆಸರಿಸದೆ ಇಡೀ ಲೇಖನ ಬರೆದು ಮುಗಿಸಬಹುದು, ಬರೆಯುವವರಿಗೆ ಅದು ಗೊತ್ತೂ ಆಗುವುದಿಲ್ಲ. ಪ್ರತಿ ‘ಆಗು’ ವಾಕ್ಯದ ಪಕ್ಕದಲ್ಲಿ ಅದರ ‘ಮಾಡು’ ರೂಪ ಬರೆದು ನೋಡಿ: ಯಾರು ಕಡಿದರು, ಯಾರು ಸುಟ್ಟರು, ಯಾರು ಅನುಮತಿ ಕೊಟ್ಟರು. ಉತ್ತರ ಗೊತ್ತಿದ್ದರೆ ಅದನ್ನೇ ಬಳಸಿ. ಗೊತ್ತಿಲ್ಲದಿದ್ದರೆ ‘ಆಗು’ ಉಳಿಸಿ. ಎಲ್ಲ ಕಡೆ ಆರೋಪಿಯನ್ನು ನಿಲ್ಲಿಸಬೇಕೆಂದೇನಿಲ್ಲ. ಹಿಮ ಕರಗುತ್ತದೆ, ಅದಕ್ಕೆ ‘ಮಾಡು’ ರೂಪ ಬೇಕಿಲ್ಲ.

ಸುದ್ದಿ ಶೀರ್ಷಿಕೆಗಳಲ್ಲಿ ಇದರ ಇನ್ನೊಂದು ರೂಪವಿದೆ. ‘ವರುಣನ ಆರ್ಭಟ’, ‘ಪ್ರಕೃತಿಯ ಮುನಿಸು’, ‘ಸೂರ್ಯನ ಪ್ರತಾಪ’. ಇಲ್ಲಿ ಕರ್ತೃ ಇದ್ದಾನೆ, ಆದರೆ ಆತ ದೇವರೋ ದೇವತೆಯೋ ಆಗಿರುವುದರಿಂದ ಯಾರೂ ಉತ್ತರ ಹೇಳಬೇಕಾಗಿಲ್ಲ. ಕಾಲುವೆ ಹೂಳೆತ್ತದೆ ಬಿಟ್ಟವರೂ, ಕೆರೆಯ ಅಂಗಳದಲ್ಲಿ ಕಟ್ಟಡಕ್ಕೆ ಒಪ್ಪಿಗೆ ಕೊಟ್ಟವರೂ ವರುಣನ ಹಿಂದೆ ಆರಾಮಾಗಿ ನಿಲ್ಲಬಹುದು. ಚೆಂದದ ಪದಗಳು, ಆದರೆ ಸುದ್ದಿಗೆ ಬೇಡ.

ಮುಂದಿನದು ‘ನಾವು’. ‘ನಾವೆಲ್ಲರೂ ಸೇರಿ ಭೂಮಿಯನ್ನು ಹಾಳು ಮಾಡಿದ್ದೇವೆ’ ಎಂಬಲ್ಲಿ ‘ನಾವು’ ಯಾರು? ತಮಿಳು, ತೆಲುಗುಗಳಲ್ಲಿ ಕೇಳುಗರನ್ನು ಸೇರಿಸಿಕೊಳ್ಳುವ ‘ನಾವು’ ಬೇರೆ, ಹೊರಗಿಡುವ ‘ನಾವು’ ಬೇರೆ. ಇಂದಿನ ಕನ್ನಡದಲ್ಲಿ ಒಂದೇ. ಕಾರಿಲ್ಲದವರೂ, ವಿಮಾನ ಹತ್ತದವರೂ, ಕಲ್ಲಿದ್ದಲ ಗಣಿಯ ಒಡೆಯರೂ ಆ ಒಂದು ಪದದೊಳಗೆ ಸಮಾನವಾಗಿ ಕೂತುಬಿಡುತ್ತಾರೆ. ಆದ್ದರಿಂದ ‘ನಾವು’ ಬಂದಲ್ಲೆಲ್ಲ ಅದನ್ನು ಒಡೆಯಿರಿ: ವಿದ್ಯುತ್ ಕಂಪನಿಗಳು, ವಾಹನ ತಯಾರಕರು, ಇಂಥ ಆದಾಯದ ಮನೆಗಳು, ಇಂಥ ಸರ್ಕಾರ. ಮನುಷ್ಯ ಕುಲವೇ ಕಾರಣ ಎಂದು ಹೇಳಬೇಕಾದಾಗ ‘ಮನುಷ್ಯರು’ ಎಂದೇ ಬರೆಯಿರಿ.

ಹೊಣೆ ಹೀಗೆ ಜಾರುವುದಕ್ಕೆ ಹೆಸರಾಂತ ಉದಾಹರಣೆ ‘ಕಾರ್ಬನ್ ಹೆಜ್ಜೆಗುರುತು’, ಅಂದರೆ ಒಬ್ಬ ವ್ಯಕ್ತಿಯ ಜೀವನಕ್ರಮದಿಂದ ಹೊರಬೀಳುವ ಹಸಿರುಮನೆ ಅನಿಲಗಳ (ಶಾಖ ಹಿಡಿದಿಡುವ, ಕಾರ್ಬನ್ ಡೈಆಕ್ಸೈಡ್‌ನಂಥ ಅನಿಲಗಳ) ಲೆಕ್ಕ. ‘ಪರಿಸರದ ಹೆಜ್ಜೆಗುರುತು’ ಎಂಬ ಮೂಲ ಕಲ್ಪನೆ 1990ರ ದಶಕದಲ್ಲಿ ವಿಲಿಯಂ ರೀಸ್, ಮಥಿಸ್ ವಾಕರ್ನಾಗೆಲ್ ಎಂಬ ಸಂಶೋಧಕರದು. ‘ಕಾರ್ಬನ್ ಹೆಜ್ಜೆಗುರುತು’ ಮನೆಮಾತಾಗುವಂತೆ ಮಾಡಿದ್ದರಲ್ಲಿ 2000ರ ದಶಕದ ಮಧ್ಯಭಾಗದಲ್ಲಿ ಬಿಪಿ ತೈಲ ಕಂಪನಿ ನಡೆಸಿದ ಜಾಹೀರಾತು ಅಭಿಯಾನಕ್ಕೆ ದೊಡ್ಡ ಪಾಲಿದೆ. ನಿಮ್ಮ ಹೆಜ್ಜೆಗುರುತು ಎಷ್ಟು ಎಂದು ಕೇಳುತ್ತಿದ್ದದ್ದು ತೈಲ ಮಾರುವ ಕಂಪನಿ! ಹಾಗೆಂದು ಆ ಪದ ನಿರುಪಯುಕ್ತವಲ್ಲ, ಲೆಕ್ಕ ಹಾಕಲು ಅನುಕೂಲವಾದದ್ದೇ. ಯಾರು ಯಾರನ್ನು ಕೇಳುತ್ತಿದ್ದಾರೆ ಎಂಬುದನ್ನು ಮಾತ್ರ ಗಮನಿಸಿ.

ಒಪ್ಪಂದಗಳಲ್ಲಂತೂ ಕ್ರಿಯಾಪದವೇ ಎಲ್ಲ. 2015ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಒಪ್ಪಂದದ ಅಂತಿಮ ಕರಡಿನಲ್ಲಿ, ಅಭಿವೃದ್ಧಿ ಹೊಂದಿದ ದೇಶಗಳು ಹೊರಸೂಸುವಿಕೆ ಇಳಿಸುವುದರಲ್ಲಿ ಮುಂದಾಳಾಗಿರುವುದು ಕಡ್ಡಾಯ ಎಂಬ ಅರ್ಥದ ಪದ ಇತ್ತು. ಅಮೆರಿಕ ಒಪ್ಪಲಿಲ್ಲ. ಕಡ್ಡಾಯವೆಂದರೆ ಅದು ಕಾನೂನಿನ ಹೊಣೆ, ದೇಶದೊಳಗೆ ಸೆನೆಟ್‌ನ ಒಪ್ಪಿಗೆಯ ಪ್ರಶ್ನೆ ಎದ್ದೀತು. ಕೊನೆಯ ಗಳಿಗೆಯಲ್ಲಿ ‘ತಾಂತ್ರಿಕ ತಿದ್ದುಪಡಿ’ ಎಂದು ಆ ಪದವನ್ನು ‘ಮಾಡತಕ್ಕದ್ದು’ ಎಂಬಲ್ಲಿಂದ ‘ಮಾಡುವುದು ಒಳ್ಳೆಯದು’ ಎಂಬಲ್ಲಿಗೆ ಇಳಿಸಲಾಯಿತು. 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಕಲ್ಲಿದ್ದಲ ವಿದ್ಯುತ್ತನ್ನು ಹಂತಹಂತವಾಗಿ ‘ನಿಲ್ಲಿಸುವುದು’ ಎಂದಿದ್ದದ್ದು ಭಾರತ ಮತ್ತು ಚೀನಾದ ಒತ್ತಾಯದಿಂದ ‘ತಗ್ಗಿಸುವುದು’ ಎಂದಾಯಿತು. 2023ರ ದುಬೈ ಸಮ್ಮೇಳನ ಪಳೆಯುಳಿಕೆ ಇಂಧನಗಳಿಂದ ‘ದೂರ ಸರಿಯುವ’ ಮಾತಾಡಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಪದಗಳಿವು. ಆದರೆ ಇಷ್ಟು ದೇಶಗಳು ಒಪ್ಪಿದ್ದೂ ಆ ಸಡಿಲಿಕೆಯ ಕಾರಣದಿಂದಲೇ ಎಂಬುದನ್ನು ಮರೆಯಬಾರದು.

ಎಚ್ಚರಿಕೆ: ಇಂಥ ಸಮ್ಮೇಳನಗಳ ಸುದ್ದಿ ಬರೆಯುವಾಗ ‘ಒಪ್ಪಿಗೆ ಸೂಚಿಸಿದವು’ ಎಂದು ಮುಗಿಸಬೇಡಿ. ಯಾವುದಕ್ಕೆ, ಯಾವ ಕ್ರಿಯಾಪದದೊಂದಿಗೆ, ಯಾವ ವರ್ಷದೊಳಗೆ ಎಂದು ಬರೆಯಿರಿ. ವರ್ಷವೇ ಇಲ್ಲದಿದ್ದರೆ ‘ವರ್ಷ ನಮೂದಿಸಿಲ್ಲ’ ಎಂದು ಬರೆಯುವುದೂ ಸುದ್ದಿಯೇ.

ಹಂತ 4: ಖಚಿತತೆಯ ಪದಗಳ ಪಕ್ಕದಲ್ಲಿ ಅಂಕಿ ಬರೆಯಿರಿ

‘ಸಾಧ್ಯತೆ ಇದೆ’ ಎಂಬುದು ನಮ್ಮ ಮಾತಿನಲ್ಲಿ ಬಹಳ ಸಡಿಲ ಪದ. ‘ಬರುವ ಸಾಧ್ಯತೆ ಇದೆ’ ಎಂದರೆ ಬಾರದೆಯೂ ಇರಬಹುದು. ಐಪಿಸಿಸಿಯಲ್ಲಿ ಅದಕ್ಕೆ ಅಳತೆ ಇದೆ:

- ಬಹುತೇಕ ನಿಶ್ಚಿತ: ಶೇ 99ರಿಂದ 100
- ಅತ್ಯಂತ ಹೆಚ್ಚಿನ ಸಾಧ್ಯತೆ: ಶೇ 95ರಿಂದ 100
- ಬಹಳ ಸಾಧ್ಯತೆ: ಶೇ 90ರಿಂದ 100
- ಸಾಧ್ಯತೆ: ಶೇ 66ರಿಂದ 100
- ಆಗಬಹುದು, ಆಗದಿರಬಹುದು: ಶೇ 33ರಿಂದ 66
- ಸಾಧ್ಯತೆ ಕಡಿಮೆ: ಶೇ 0ಯಿಂದ 33

ಓದುಗರು ಇದನ್ನು ಹೀಗೆ ಓದುವುದಿಲ್ಲ. ಮನೋವಿಜ್ಞಾನಿ ಡೇವಿಡ್ ಬುಡೆಸ್ಕು ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ‘ಬಹಳ ಸಾಧ್ಯತೆ’ಯನ್ನು ಶೇ 90ಕ್ಕಿಂತ ಸಾಕಷ್ಟು ಕೆಳಗೆ, ‘ಬಹಳ ಕಡಿಮೆ ಸಾಧ್ಯತೆ’ಯನ್ನು ಇರಬೇಕಾದ್ದಕ್ಕಿಂತ ಮೇಲೆ ಓದಿದ್ದು ಕಂಡುಬಂತು. ಎಲ್ಲವೂ ನಡುವಿನ ಶೇ 50ರ ಕಡೆಗೆ ಜಾರುತ್ತವೆ. ಪದದ ಜೊತೆಯಲ್ಲೇ ಅಂಕಿ ಕೊಡಿ ಎಂಬುದು ಅವರ ಶಿಫಾರಸು. ನಿಮಗೂ ಅದೇ ದಾರಿ: ‘ಬಹಳ ಸಾಧ್ಯತೆ, ಅಂದರೆ ಶೇ 90ಕ್ಕಿಂತ ಹೆಚ್ಚು’.

ಈ ಪದಗಳು ಏರಿದ ಬಗೆಯನ್ನು ನೋಡಿದರೆ ವಿಜ್ಞಾನ ಎಷ್ಟು ಎಚ್ಚರದಿಂದ ಮಾತಾಡುತ್ತದೆಂದು ತಿಳಿಯುತ್ತದೆ. ಮನುಷ್ಯರ ಪಾತ್ರದ ಬಗ್ಗೆ ಐಪಿಸಿಸಿ 1995ರಲ್ಲಿ ಹೇಳಿದ್ದು, ಸಾಕ್ಷ್ಯಗಳ ತೂಕ ಆ ಕಡೆಗಿದೆ, ಪ್ರಭಾವ ಗುರುತಿಸುವಷ್ಟಿದೆ ಎಂದು. ಇತ್ತೀಚಿನ ಏರಿಕೆಯಲ್ಲಿ ಬಹುಪಾಲು ಮನುಷ್ಯರಿಂದ ಎಂಬುದಕ್ಕೆ 2001ರಲ್ಲಿ ‘ಸಾಧ್ಯತೆ’, 2007ರಲ್ಲಿ ‘ಬಹಳ ಸಾಧ್ಯತೆ’, 2013ರಲ್ಲಿ ‘ಅತ್ಯಂತ ಹೆಚ್ಚಿನ ಸಾಧ್ಯತೆ’. 2021ರಲ್ಲಿ ಅಳತೆಯ ಪದವನ್ನೇ ಬಿಟ್ಟು, ವಾತಾವರಣ, ಸಾಗರ, ನೆಲಗಳನ್ನು ಮನುಷ್ಯರ ಪ್ರಭಾವ ಬಿಸಿ ಮಾಡಿರುವುದು ನಿರ್ವಿವಾದ ಎಂದಿತು. ಅಷ್ಟು ವರ್ಷ ಕಾದು ಹೇಳಿದ ಪದದ ಮುಂದೆ ‘ವಿಜ್ಞಾನಿಗಳ ಪ್ರಕಾರ ಇರಬಹುದು’ ಎಂದು ಸೇರಿಸುವ ಸೌಜನ್ಯ ಬೇಡ.

ವಿಜ್ಞಾನಿಗಳ ಪದ ಜನರ ಕಿವಿಗೆ ಬೇರೆಯಾಗಿ ಬೀಳುವ ಇನ್ನೂ ಕೆಲವು ಕಡೆಗಳಿವೆ. ‘ಅನಿಶ್ಚಿತತೆ’ ಎಂದರೆ ವಿಜ್ಞಾನದಲ್ಲಿ ಅಳತೆಯ ಆಚೀಚಿನ ವ್ಯಾಪ್ತಿ. ಹೊರಗೆ ಅದು ‘ಗೊತ್ತಿಲ್ಲ’. ಹಾಗಾಗಿ ‘ಇಷ್ಟರಿಂದ ಇಷ್ಟರೊಳಗೆ’ ಎಂದು ಬರೆಯಿರಿ. ‘ಧನಾತ್ಮಕ ಫೀಡ್‌ಬ್ಯಾಕ್’ ಎಂದರೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಚಕ್ರ: ಮಂಜುಗಡ್ಡೆ ಕರಗಿದರೆ ಅಡಿಯ ಕಪ್ಪು ನೀರು ಹೆಚ್ಚು ಬಿಸಿಲು ಹೀರುತ್ತದೆ, ಅದರಿಂದ ಇನ್ನಷ್ಟು ಮಂಜು ಕರಗುತ್ತದೆ. ಪತ್ರಿಕೆ ಓದುವವರಿಗೆ ‘ಧನಾತ್ಮಕ’ ಎಂದರೆ ಒಳ್ಳೆಯದು!

2009ರ ನವೆಂಬರ್‌ನಲ್ಲಿ ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿಗಳ ಇಮೇಲ್‌ಗಳನ್ನು ಕದ್ದು ಬಯಲು ಮಾಡಿದಾಗ ಗದ್ದಲ ಎದ್ದದ್ದು ಮುಖ್ಯವಾಗಿ ಒಂದು ಸಾಲಿನ ಮೇಲೆ. ‘ಜಾಣ ವಿಧಾನ’ ಎಂಬರ್ಥದಲ್ಲಿ ಅವರೊಳಗೆ ಬಳಸಿದ್ದ ‘ಟ್ರಿಕ್’ ಎಂಬ ಪದ ಹೊರಗಿನವರಿಗೆ ‘ಕುತಂತ್ರ’ ಎಂದು ಕೇಳಿಸಿತು. ನಂತರ ನಡೆದ ಹಲವು ತನಿಖೆಗಳಲ್ಲಿ ಅಂಕಿಅಂಶ ತಿರುಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಆರೋಪ ಓಡಿದಷ್ಟು ದೂರ ತನಿಖೆಯ ತೀರ್ಮಾನ ಹೋಗಲಿಲ್ಲ.

ಹಂತ 5: ಪ್ರತಿ ಸಂಖ್ಯೆಗೂ ಮೂರು ಪ್ರಶ್ನೆ ಕೇಳಿ

ಯಾವುದಕ್ಕೆ ಹೋಲಿಸಿ? ಎಷ್ಟು ಅವಧಿಯ ಸರಾಸರಿ? ಯಾವ ಘಟಕದಲ್ಲಿ?

ಪ್ಯಾರಿಸ್ ಒಪ್ಪಂದ ತಾಪಮಾನ ಏರಿಕೆಗೆ ಗುರಿಯಾಗಿಟ್ಟ ‘1.5 ಡಿಗ್ರಿ’ ಮಿತಿಯನ್ನೇ ತೆಗೆದುಕೊಳ್ಳಿ. ಹೋಲಿಕೆ 1850ರಿಂದ 1900ರ ಸರಾಸರಿಗೆ, ನಿನ್ನೆ ಮೊನ್ನೆಗಲ್ಲ. ಅವಧಿ ದಶಕಗಳ ಸರಾಸರಿ. 2024ನೇ ವರ್ಷ ಸುಮಾರು 1.55 ಡಿಗ್ರಿ ಮೇಲಿತ್ತು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದಾಗ ‘ಪ್ಯಾರಿಸ್ ಗುರಿ ಮುಗಿಯಿತು’ ಎಂಬ ಶೀರ್ಷಿಕೆಗಳು ಬಂದವು. ಒಂದು ವರ್ಷ ಮೇಲೇರಿದರೆ ಗುರಿ ತಪ್ಪಿತೆಂದಲ್ಲ. ಹಾಗೆಂದು ಸಮಾಧಾನಪಡುವಂಥದ್ದೂ ಅಲ್ಲ. ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಲು ಆಗದಿದ್ದರೆ ಎರಡು ವಾಕ್ಯ ಬರೆಯಿರಿ.

ಘಟಕದ ತಪ್ಪುಗಳು ಇನ್ನೂ ವಿಚಿತ್ರ. 1.5 ಡಿಗ್ರಿ ಸೆಲ್ಸಿಯಸ್ ಏರಿಕೆಯನ್ನು ಫ್ಯಾರನ್‌ಹೀಟ್‌ಗೆ ಬದಲಿಸುವಾಗ 32 ಕೂಡಿಸಬಾರದು. ಏರಿಕೆ 2.7 ಡಿಗ್ರಿ ಫ್ಯಾರನ್‌ಹೀಟ್, 34.7 ಅಲ್ಲ. ಹಾಗೆಯೇ ‘ಒಂದು ಟನ್ ಕಾರ್ಬನ್’ ಮತ್ತು ‘ಒಂದು ಟನ್ ಕಾರ್ಬನ್ ಡೈಆಕ್ಸೈಡ್’ ಒಂದೇ ಅಲ್ಲ. ಒಂದು ಟನ್ ಕಾರ್ಬನ್ ಪೂರ್ತಿ ಸುಟ್ಟರೆ ಸುಮಾರು 3.67 ಟನ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಎರಡು ವರದಿಗಳ ಅಂಕಿ ತಾಳೆಯಾಗದಿದ್ದರೆ ಮೊದಲು 3.67ರಿಂದ ಗುಣಿಸಿ ನೋಡಿ.

‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬುದೂ ಹೀಗೆಯೇ ದಾರಿ ತಪ್ಪಿಸುತ್ತದೆ. ಹೋದ ವರ್ಷ ಬಂದಿತಲ್ಲ, ಇನ್ನು ತೊಂಬತ್ತೊಂಬತ್ತು ವರ್ಷ ನಿಶ್ಚಿಂತೆ ಎಂದು ಜನ ತಿಳಿಯುತ್ತಾರೆ. ಅದರ ಅರ್ಥ, ಯಾವುದೇ ವರ್ಷ ಅದು ಬರುವ ಸಂಭವ ಶೇ 1. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೆ ಒಮ್ಮೆಯಾದರೂ ಎದುರಿಸುವ ಸಂಭವ ಶೇ 26ರಷ್ಟು. ಹವಾಮಾನ ಬದಲಾಗುತ್ತಿರುವಾಗ ಆ ಶೇ 1 ಕೂಡ ಸ್ಥಿರವಲ್ಲ.

ಎಚ್ಚರಿಕೆ: ‘ಇನ್ನು ಹನ್ನೆರಡೇ ವರ್ಷ’ ಎಂಬ ಘೋಷಣೆ 2018ರ ಐಪಿಸಿಸಿ ವಿಶೇಷ ವರದಿಯಿಂದ ಹೊರಟದ್ದು. ವರದಿ ಹೇಳಿದ್ದು ಬೇರೆ: ಏರಿಕೆಯನ್ನು 1.5 ಡಿಗ್ರಿಗೆ ಸೀಮಿತಗೊಳಿಸಬೇಕಾದರೆ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆ 2030ರ ಹೊತ್ತಿಗೆ 2010ರ ಮಟ್ಟಕ್ಕಿಂತ ಸುಮಾರು ಶೇ 45ರಷ್ಟು ಇಳಿಯಬೇಕು, 2050ರ ಸುಮಾರಿಗೆ ನಿವ್ವಳ ಶೂನ್ಯ ತಲುಪಬೇಕು. 2030ಕ್ಕೆ ಲೋಕ ಮುಗಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಗಡುವಿನ ಭಾಷೆಯ ಕಷ್ಟವೇ ಇದು: ಗಡುವು ದಾಟಿದ ಮರುದಿನ ‘ಏನೂ ಆಗಲಿಲ್ಲವಲ್ಲ’ ಎನ್ನುವವರಿಗೂ, ‘ಇನ್ನೇನು ಮಾಡಿ ಪ್ರಯೋಜನ’ ಎನ್ನುವವರಿಗೂ ನೀವೇ ಮಾತು ಒದಗಿಸಿದಂತೆ.

ಹಂತ 6: ಒಂದೇ ಘಟನೆಯ ಬಗ್ಗೆಯಾದರೆ ‘ಕಾರಣ’ ಪದವನ್ನು ಬಿಡಿಸಿ

ಒಂದು ಬಿಸಿಗಾಳಿ, ಒಂದು ಚಂಡಮಾರುತ. ‘ಹವಾಮಾನ ಬದಲಾವಣೆಯೇ ಕಾರಣ’ ಎನ್ನುವುದೂ ‘ಒಂದು ಘಟನೆಯ ಬಗ್ಗೆ ಏನೂ ಹೇಳಲಾಗದು’ ಎನ್ನುವುದೂ ಈಗ ಹಳತು. ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ಗುಂಪು ಎರಡು ಪ್ರಶ್ನೆ ಕೇಳಿ ಲೆಕ್ಕ ಹಾಕುತ್ತದೆ: ಇಂಥ ಘಟನೆ ಎಷ್ಟು ಪಟ್ಟು ಹೆಚ್ಚು ಸಂಭವನೀಯವಾಗಿದೆ? ಎಷ್ಟು ಹೆಚ್ಚು ತೀವ್ರವಾಗಿದೆ?

2021ರ ಜೂನ್‌ನಲ್ಲಿ ಕೆನಡಾದ ಲಿಟ್ಟನ್ ಪಟ್ಟಣದಲ್ಲಿ ತಾಪಮಾನ 49.6 ಡಿಗ್ರಿ ಮುಟ್ಟಿದಾಗ, ಆ ಬಿಸಿಗಾಳಿ ಮನುಷ್ಯರಿಂದಾದ ಬದಲಾವಣೆ ಇಲ್ಲದಿದ್ದರೆ ಬಹುತೇಕ ಅಸಾಧ್ಯವಾಗಿತ್ತು ಎಂದಿತು ಈ ಗುಂಪು. ಅದೇ ವರ್ಷ ದಕ್ಷಿಣ ಮಡಗಾಸ್ಕರ್‌ನ ಬರದಲ್ಲಿ ಹವಾಮಾನ ಬದಲಾವಣೆಯ ಪಾಲು ಅಲ್ಪ, ಆಹಾರದ ಕೊರತೆಗೆ ಬಡತನದಂಥ ಬೇರೆ ಕಾರಣಗಳೇ ಮುಖ್ಯ ಎಂದೂ ಅದೇ ಗುಂಪು ಹೇಳಿತು. ಎರಡನೆಯ ಬಗೆಯ ಉತ್ತರವನ್ನೂ ಬರೆಯುವವರ ಮಾತಿಗೆ ಮೊದಲನೆಯದರಲ್ಲಿ ಬೆಲೆ ಬರುತ್ತದೆ. ಲೆಕ್ಕ ಬರುವ ಮೊದಲು ಬರೆಯಬೇಕಾಗಿ ಬಂದರೆ ‘ಬಿಸಿಯಾಗುತ್ತಿರುವ ಜಗತ್ತಿನಲ್ಲಿ ಇಂಥ ಬಿಸಿಗಾಳಿಗಳು ಹೆಚ್ಚುತ್ತಿವೆ’ ಎಂಬಷ್ಟಕ್ಕೆ ನಿಲ್ಲಿಸಿ.

ಹಂತ 7: ರೂಪಕಗಳನ್ನು ಒಮ್ಮೆ ತಟ್ಟಿ ನೋಡಿ

ಬಹಳ ಹೊತ್ತು ಬೇಡ. ‘ಹಸಿರುಮನೆ’ ಎಂಬ ರೂಪಕ ಅರ್ಧ ಸರಿ: ಗಾಜಿನ ಮನೆ ಬಿಸಿಯಾಗಿರುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಹೊರಗೆ ಹೋಗದಿರುವುದರಿಂದ. ವಾತಾವರಣದಲ್ಲಿ ಕೆಲವು ಅನಿಲಗಳು ನೆಲದಿಂದ ಹೊರಡುವ ಶಾಖದ ಕಿರಣಗಳನ್ನು ಹೀರಿ, ಒಂದು ಪಾಲನ್ನು ಹಿಂದಕ್ಕೆ ಕಳಿಸುತ್ತವೆ. ಮಕ್ಕಳಿಗೆ ಹೇಳುವಾಗ ಈ ವ್ಯತ್ಯಾಸ ಸೇರಿಸಿ. ‘ಹೋರಾಟ’, ‘ಸಮರ’ ಎಂಬ ಯುದ್ಧದ ಪದಗಳು ತುರ್ತಿನ ಭಾವ ಹುಟ್ಟಿಸುತ್ತವೆ ಎಂದು ತೋರಿಸಿದ ಪ್ರಯೋಗಗಳಿವೆ. ಆದರೆ ಸಮರ ಎಂದಮೇಲೆ ಶತ್ರು ಬೇಕು, ಗೆಲುವಿನ ದಿನವೂ ಬೇಕು. ಇಲ್ಲಿ ಎರಡೂ ಸ್ಪಷ್ಟವಿಲ್ಲ.

ಹಂತ 8: ಮಾರುವ ಮಾತನ್ನು ಬೇರೆ ತಟ್ಟೆಯಲ್ಲಿ ತೂಗಿ

‘ನಿವ್ವಳ ಶೂನ್ಯ’ ಎಂದರೆ ವಾತಾವರಣಕ್ಕೆ ಬಿಡುವಷ್ಟನ್ನೇ ಹಿಂದಕ್ಕೆ ತೆಗೆಯುವುದು. ‘ಕಾರ್ಬನ್ ಆಫ್‌ಸೆಟ್’ ಎಂದರೆ ಬೇರೆಲ್ಲೋ ಯಾರೋ ಮಾಡಿದ ಉಳಿತಾಯವನ್ನು ದುಡ್ಡು ಕೊಟ್ಟು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದು. ‘ಕಾರ್ಬನ್ ನ್ಯೂಟ್ರಲ್’ ಎಂಬ ಚೀಟಿ ಅಂಟಿಸಿದ ಸರಕುಗಳಲ್ಲಿ ಬಹಳಷ್ಟರ ಹಿಂದೆ ಇರುವುದು ಈ ಎರಡನೆಯದು. ಕೇಳಬೇಕಾದದ್ದು ಇಷ್ಟೇ: ಕಂಪನಿ ತಾನೇ ಎಷ್ಟು ಇಳಿಸಿತು, ಎಷ್ಟು ಕೊಂಡಿತು, ಗುರಿಯ ವರ್ಷ ಯಾವುದು, ಅದಕ್ಕೆ ಮುಂಚಿನ ಮೈಲಿಗಲ್ಲು ಯಾವುದು, ತನ್ನ ಸರಕನ್ನು ಜನ ಬಳಸುವಾಗ ಹೊರಬೀಳುವುದನ್ನು ಲೆಕ್ಕಕ್ಕೆ ಸೇರಿಸಿದೆಯೇ? ಆಫ್‌ಸೆಟ್‌ನ ಬಲದಿಂದ ಸರಕನ್ನು ‘ನ್ಯೂಟ್ರಲ್’ ಎಂದು ಕರೆಯುವುದನ್ನು ಐರೋಪ್ಯ ಒಕ್ಕೂಟ 2024ರ ನಿರ್ದೇಶನದಲ್ಲಿ ನಿಷೇಧಿಸಿದೆ. 2026ರ ಸೆಪ್ಟೆಂಬರ್‌ನಿಂದ ಅದು ಅನ್ವಯ.

ಹಂತ 9: ಎದುರಿಗಿರುವವರೊಡನೆ ಮಾತಾಡುವಾಗ

‘ನೀವು ಇದನ್ನು ನಂಬುತ್ತೀರಾ?’ ಎಂದು ಕೇಳಬೇಡಿ. ನಂಬಿಕೆಯ ಪ್ರಶ್ನೆ ಕೇಳಿದರೆ ನಂಬಿಕೆಯ ಉತ್ತರವೇ ಬರುತ್ತದೆ. ಅಲ್ಲಿಗೆ ಪುರಾವೆಯ ಮಾತು ಮುಗಿಯಿತು. ‘ಇದರಲ್ಲಿ ನಿಮಗೆ ಯಾವುದು ಒಪ್ಪಿಗೆಯಾಗಲಿಲ್ಲ?’ ಎಂದು ಕೇಳಿ. ಉತ್ತರ ಬಹುಪಾಲು ವಿಜ್ಞಾನದ ಬಗ್ಗೆ ಇರುವುದೇ ಇಲ್ಲ. ಖರ್ಚು ಯಾರದು, ಕೆಲಸ ಹೋಗುವುದು ಯಾರದು ಎಂಬ ನ್ಯಾಯವಾದ ಆತಂಕ ಇರುತ್ತದೆ. ಅದಕ್ಕೆ ಹಿಮನದಿಯ ಚಿತ್ರ ತೋರಿಸಿ ಉಪಯೋಗವಿಲ್ಲ.

ತಪ್ಪು ಸಂದೇಶ ತಿದ್ದುವಾಗ ನಿಜದಿಂದ ಶುರುಮಾಡಿ, ತಪ್ಪನ್ನು ಒಮ್ಮೆ ಮಾತ್ರ ಹೇಳಿ, ಮತ್ತೆ ನಿಜಕ್ಕೆ ಬನ್ನಿ. ಸುಳ್ಳನ್ನೇ ದಪ್ಪ ಅಕ್ಷರದ ಶೀರ್ಷಿಕೆ ಮಾಡಿದರೆ ನೆನಪಿನಲ್ಲಿ ಉಳಿಯುವುದು ಅದೇ.

ಸಭೆ, ಚರ್ಚೆ ಏರ್ಪಡಿಸುವವರಿಗೆ ಒಂದು ಮಾತು. ಪರ ಒಬ್ಬರು, ವಿರೋಧ ಒಬ್ಬರು ಎಂದು ಕೂರಿಸುವುದು ನ್ಯಾಯವೆಂದು ತೋರುತ್ತದೆ. 1988ರಿಂದ 2002ರವರೆಗಿನ ಅಮೆರಿಕದ ಪ್ರಮುಖ ಪತ್ರಿಕೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ವರದಿಗಳು ಮನುಷ್ಯ ಕಾರಣ, ಅಲ್ಲ ಎಂಬ ಎರಡು ಪಕ್ಷಗಳಿಗೆ ಸಮಸಮ ಜಾಗ ಕೊಟ್ಟಿದ್ದವು. ಆಗ ವಿಜ್ಞಾನಿಗಳ ನಡುವೆ ಅಂಥ ಸಮಸಮ ಇರಲಿಲ್ಲ. ಬಿಬಿಸಿ 2018ರಲ್ಲಿ ತನ್ನ ಪತ್ರಕರ್ತರಿಗೆ ಇದನ್ನೇ ನೆನಪಿಸಿತು. ಭಿನ್ನಾಭಿಪ್ರಾಯ ಇರುವ ಕಡೆ ಚರ್ಚೆ ಇಡಿ: ಅಣುವಿದ್ಯುತ್ ಬೇಕೇ, ಕಾರ್ಬನ್ ತೆರಿಗೆ ಯಾರ ಮೇಲೆ, ನಷ್ಟಕ್ಕೆ ಪರಿಹಾರ ಯಾರು ಕೊಡಬೇಕು.

ಒಂದು ಉದಾಹರಣೆ ತಿದ್ದಿ ನೋಡೋಣ

ಎಲ್ಲೆಡೆ ಕಾಣುವ ಧಾಟಿಯಲ್ಲಿ ನಾನೇ ಕಟ್ಟಿದ ಪ್ಯಾರಾ ಇದು:

‘ಪ್ರಕೃತಿ ಮುನಿದಿದ್ದಾಳೆ. ಮಾಲಿನ್ಯದಿಂದಾಗಿ ಭೂಮಿ ಕಾದ ಕೆಂಡವಾಗಿದೆ. 2024ರಲ್ಲೇ 1.5 ಡಿಗ್ರಿ ಗಡಿ ದಾಟಿಯಾಗಿದೆ ಎಂದು ವಿಜ್ಞಾನಿಗಳು ನಂಬಿದ್ದಾರೆ. ಉಳಿದಿರುವುದು ಕೆಲವೇ ವರ್ಷ. ನಾವೆಲ್ಲರೂ ಎಚ್ಚೆತ್ತುಕೊಳ್ಳಬೇಕಿದೆ.’

ಮೇಲಿನ ಹಂತಗಳನ್ನು ದಾಟಿಸಿದ ಮೇಲೆ:

‘ಕಲ್ಲಿದ್ದಲು, ತೈಲ, ಅನಿಲ ಸುಟ್ಟು, ಕಾಡು ಕಡಿದು ಮನುಷ್ಯರು ವಾತಾವರಣಕ್ಕೆ ಕಾರ್ಬನ್ ಡೈಆಕ್ಸೈಡ್ ಸೇರಿಸುತ್ತಿದ್ದಾರೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದದ್ದು ಈಗ 420 ದಾಟಿದೆ. 2024ರ ಸರಾಸರಿ ತಾಪಮಾನ 1850ರಿಂದ 1900ರ ಸರಾಸರಿಗಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು ಎಂದು ವಿಶ್ವ ಹವಾಮಾನ ಸಂಸ್ಥೆ ಲೆಕ್ಕ ಹಾಕಿದೆ. ಪ್ಯಾರಿಸ್ ಒಪ್ಪಂದದ 1.5 ಡಿಗ್ರಿ ದಶಕಗಳ ಸರಾಸರಿಯದ್ದಾದ್ದರಿಂದ ಈ ಒಂದು ವರ್ಷದಿಂದ ಅದು ದಾಟಿತೆಂದು ಹೇಳಲಾಗದು. ಕಲ್ಲಿದ್ದಲ ವಿದ್ಯುತ್ತನ್ನು ಯಾವ ವರ್ಷದೊಳಗೆ ಎಷ್ಟು ತಗ್ಗಿಸುತ್ತೀರಿ ಎಂದು ಸರ್ಕಾರವನ್ನು ಕೇಳಬೇಕಾಗಿದೆ.’

ಉದ್ದವಾಯಿತು, ನಿಜ. ಜಾಗ ಸಾಲದಿದ್ದರೆ 280, 420ರ ವಾಕ್ಯ ತೆಗೆಯಿರಿ. ದಶಕಗಳ ಸರಾಸರಿಯ ವಾಕ್ಯವನ್ನು ಮಾತ್ರ ತೆಗೆಯಬೇಡಿ, ಅದಿಲ್ಲದಿದ್ದರೆ 1.55 ಎಂಬ ಸರಿಯಾದ ಅಂಕಿಯೇ ತಪ್ಪು ಸುದ್ದಿಯಾಗುತ್ತದೆ. ಅದಕ್ಕೂ ಜಾಗವಿಲ್ಲವೆಂದರೆ 1.55 ಅನ್ನೂ ಬಿಟ್ಟು, ಮೊದಲ ಮತ್ತು ಕೊನೆಯ ವಾಕ್ಯ ಉಳಿಸಿ.